ನಿಮಗಿದು ಗೊತ್ತೇ? ರೋಗಿಯ ಮಾತಿಗೂ ಕಾನೂನಿನ ಬಲವಿದೆ

ಗುಳಿಗೆ ಬೇಡ ಎಂದ ರೋಗಿಯನ್ನು ‘ಇವರಿಗೇನೂ ತಿಳಿಯದು’ ಎಂದು ತಳ್ಳಿಹಾಕುವಂತಿಲ್ಲ. ಒಬ್ಬರ ನಿರ್ಧಾರ ಬೇರೆಯವರ ಕಣ್ಣಿಗೆ ತಪ್ಪೆಂದು ಕಂಡರೆ, ಅಷ್ಟಕ್ಕೇ ಅವರಿಗೆ ನಿರ್ಧರಿಸುವ ಸಾಮರ್ಥ್ಯವಿಲ್ಲ ಎಂದಾಗುವುದಿಲ್ಲ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 4ನೇ ಸೆಕ್ಷನ್ ಇದನ್ನು ಸ್ಪಷ್ಟವಾಗಿ ಹೇಳಿದೆ.

ಬಾಯಿಬಿಟ್ಟೇ ಹೇಳಬೇಕೆಂದೂ ಇಲ್ಲ. ಮುಖಭಾವ, ಸನ್ನೆ ಕೂಡ ಉತ್ತರವೇ.

ಚಿಕಿತ್ಸೆಯ ಮಾಹಿತಿಯನ್ನು ರೋಗಿಗೆ ತಿಳಿಯುವ ಸರಳ ಭಾಷೆಯಲ್ಲಿ, ಅಗತ್ಯವಿದ್ದರೆ ಸನ್ನೆಭಾಷೆ, ಚಿತ್ರಗಳ ಮೂಲಕ ಕೊಡಬೇಕು. ಡಾಕ್ಟರ ರೌಂಡ್ಸ್ ಮುಗಿದ ಮೇಲೆ ಈ ಕೆಲಸ ಬಹುಪಾಲು ಸಿಸ್ಟರ್‌ಗಳ ಹೆಗಲಿಗೇ ಬರುತ್ತದೆ. ಮಾತ್ರೆಯ ಮಂಪರು ಇಳಿಯುವವರೆಗೆ ಕಾಯಬೇಕು. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಬೇಕು. ಧಾರವಾಡದ ಕಡೆಯ ಅಜ್ಜಿಗೆ ಅವರ ಮಾತಿನಲ್ಲೇ, ‘ಈ ಗುಳಿಗಿ ತಗೊಂಡ್ರ ಕೈ ನಡುಗಬಹುದು’ ಎಂದು ಮುಚ್ಚುಮರೆಯಿಲ್ಲದೆ ಹೇಳಬೇಕು. ‘ತಿಳೀತಾ?’ ಎಂದರೆ ಯಾರಾದರೂ ಹೂಂ ಎಂದುಬಿಡುತ್ತಾರೆ. ‘ನಿಮಗ ಏನು ತಿಳೀತು, ಹೇಳ್ರಿ’ ಎಂದು ಕೇಳಿದಾಗಲೇ ನಿಜ ಗೊತ್ತಾಗುವುದು. ಬೆಳಗ್ಗೆ ಗೊಂದಲದಲ್ಲಿದ್ದವರು ಸಂಜೆಗೆ ಸ್ಪಷ್ಟವಾಗಿ ಮಾತಾಡುವುದುಂಟು. ಹತ್ತಿರವೇ ಓಡಾಡುವ ಸಿಸ್ಟರ್‌ಗೆ ಅದು ಮೊದಲು ಕಾಣುತ್ತದೆ. ನನ್ನ ಮಟ್ಟಿಗೆ ಶುಶ್ರೂಷೆಯಲ್ಲಿ ಇದಕ್ಕಿಂತ ದೊಡ್ಡ ಕೌಶಲ ಇನ್ನೊಂದಿಲ್ಲ.

‘ನನಗೆ ಕಾಯಿಲೆ ಹೆಚ್ಚಾದಾಗ ಇಂಥ ಚಿಕಿತ್ಸೆ ಕೊಡಿ, ಇಂಥದ್ದು ಬೇಡ’ ಎಂದು ವಯಸ್ಕರು ಮುಂಚಿತವಾಗಿಯೇ ಬರೆದಿಡಬಹುದು. ತಮ್ಮ ಪರವಾಗಿ ನಿಲ್ಲುವ ಪ್ರತಿನಿಧಿಯನ್ನು ನೇಮಿಸಲು ಬಿಳಿ ಹಾಳೆಯ ಮೇಲಿನ ಬರಹವೇ ಸಾಕು. ಸಹಿ ಬಾರದವರು ಹೆಬ್ಬೆಟ್ಟು ಒತ್ತಬಹುದು. ತುರ್ತು ಚಿಕಿತ್ಸೆಗೆ ಮಾತ್ರ ಆ ಮುಂಗಡ ಸೂಚನೆ ಅನ್ವಯಿಸದು.

ಸಿಬ್ಬಂದಿ ಸಾಲದೆಂಬ ನೆಪದಲ್ಲಿ ರೋಗಿಯನ್ನು ಕಟ್ಟಿಹಾಕುವಂತಿಲ್ಲ. ಸರಪಳಿಯಂತೂ ಪೂರ್ತಿ ನಿಷಿದ್ಧ.

ಈ ಕಾಯ್ದೆಯ ಚಿಂತನೆಯ ಬೇರು ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯಲ್ಲಿದೆ. 2006ರಲ್ಲಿ ಅಂಗೀಕಾರವಾದ ಅದನ್ನು ಭಾರತ 2007ರಲ್ಲೇ ಒಪ್ಪಿಕೊಂಡಿತು.

ನಿರ್ಧಾರಕ್ಕೆ ಹೆಚ್ಚಿನ ಆಸರೆ ಬೇಕಾದವರನ್ನು ನಮ್ಮ ಕಾಯ್ದೆಯ 89ನೇ ಸೆಕ್ಷನ್ ಅಡಿ ಆಸ್ಪತ್ರೆಗೆ ದಾಖಲಿಸಿಕೊಳ್ಳಲು ಇಬ್ಬರು ಬೇರೆಬೇರೆಯಾಗಿ ಪರೀಕ್ಷಿಸಬೇಕು. ಒಬ್ಬರು ಮನೋವೈದ್ಯರೇ ಆಗಿರಬೇಕು. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಂಡ ಮಾನಸಿಕ ಆರೋಗ್ಯ ನರ್ಸ್ ಇನ್ನೊಬ್ಬರಾಗಬಹುದು! ರೋಗಿಗೆ ಹೆಚ್ಚುಕಡಿಮೆ ನೂರಕ್ಕೆ ನೂರು ಆಸರೆ ಬೇಕಾದರೆ ಪ್ರತಿನಿಧಿಯೇ ಒಪ್ಪಿಗೆ ಕೊಡಬಹುದು, ಆದರೆ ಅದು ತಾತ್ಕಾಲಿಕ. ಪ್ರತಿ 7 ದಿನಕ್ಕೊಮ್ಮೆ ರೋಗಿಯ ಸಾಮರ್ಥ್ಯವನ್ನು ಮತ್ತೆ ನೋಡಲೇಬೇಕು. ಈ ವಾರ ಮಗ ಸಹಿ ಹಾಕಿದ ಚಿಕಿತ್ಸೆಗೆ ಮುಂದಿನ ವಾರ ತಾಯಿಯೇ ‘ಆಗಲಿ’ ಅಥವಾ ‘ಬೇಡ’ ಎನ್ನಬಹುದು.