ಉಸಿರಾಟದ ಖರ್ಚು

ಚಡಚಣದ ಸುತ್ತಲಿನ ಜೋಳದ ಸೀಮೆಯಲ್ಲಿ, ತೊಗರಿಕಟ್ಟಿಗೆ ಮತ್ತು ಕುಳ್ಳಿನ ಹೊಗೆಯೊಳಗೆ ಬಾಳೆಲ್ಲ ರೊಟ್ಟಿ ಬಡಿದ ಮುದುಕಿಯರನ್ನೂ ಬೀಡಿ ಬಿಡಲಾರದ ಮುದುಕರನ್ನೂ ನಾವು ಕಾಣುತ್ತೇವೆ. ಅವರಲ್ಲಿ ಕೆಲವರಿಗೆ ಹತ್ತು ಹೆಜ್ಜೆ ಇಡುವಷ್ಟರಲ್ಲಿ ದಮ್ಮು ಹತ್ತುತ್ತದೆ. ಮೈ ಎಲುಬಿನ ಹಂದರವಾಗಿರುತ್ತದೆ. ದಮ್ಮಿನವರು ಬಡಕಲಾಗುವುದು ಸಹಜವೆಂದು ನಾವು ಸುಮ್ಮನಾಗುವುದುಂಟು. ಅದು ಏಕೆ ಸಹಜವೆಂದು ಕೇಳುವವರು ವಿರಳ.

ನಮ್ಮ ಶ್ವಾಸಕೋಶಗಳಲ್ಲಿ ಕೋಟಿಗಟ್ಟಲೆ ವಾಯುಕೋಶಗಳಿವೆ. ಹೊಗೆಯ ದೆಸೆಯಿಂದ ಅವುಗಳ ತೆಳುಗೋಡೆಗಳು ನಾಶವಾದರೆ ಸಣ್ಣ ಕೋಶಗಳು ಕೂಡಿ ದೊಡ್ಡ ಪೊಳ್ಳುಗಳಾಗುತ್ತವೆ. ಇದೇ ಎಂಫಿಸೀಮ. ಹಿಗ್ಗಿದ ಶ್ವಾಸಕೋಶ ಮತ್ತೆ ಕುಗ್ಗುವ ಬಿಗಿಯನ್ನು ಕಳೆದುಕೊಳ್ಳುವುದರಿಂದ ಒಳಹೊಕ್ಕ ಗಾಳಿ ಪೂರ್ತಿ ಹೊರಬರದು. ಕೆಳಗೆ ಗುಮ್ಮಟದಂತಿರಬೇಕಾದ ವಪೆ ಚಪ್ಪಟೆಯಾಗುತ್ತದೆ. ಸದಾ ಉಬ್ಬಿಯೇ ಇರುವ ತಿದಿಯನ್ನು ಕಮ್ಮಾರನು ಒತ್ತುವುದೆಂತು? ಆರೋಗ್ಯವಂತನ ಉಸಿರಾಟಕ್ಕೆ ದಿನಕ್ಕೆ ಸುಮಾರು 36ರಿಂದ 72 ಕಿಲೊಕ್ಯಾಲೊರಿ ಸಾಕು. ತೀವ್ರ ರೋಗಿಗೆ ಇದರ ಹತ್ತುಪಟ್ಟು ಬೇಕಾಗಬಹುದು. ಐವತ್ತು ಗ್ರಾಂ ಹಿಟ್ಟಿನ ಮೂರು ನಾಲ್ಕು ರೊಟ್ಟಿಗಳು ಉಸಿರಿಗೇ ಮುಗಿದುಹೋದವು! ಖರ್ಚು ಹೀಗೆ ಏರಿದರೂ ಊಟ ಮಾತ್ರ ಇಳಿಯುತ್ತದೆ. ಕಟಕ ರೊಟ್ಟಿಯನ್ನು ಅಗಿದು ನುಂಗುವುದರೊಳಗೆ ಅವರಿಗೆ ಉಸಿರು ಸಾಲದು. ತುಂಬಿದ ಹೊಟ್ಟೆ ವಪೆಯನ್ನು ಒತ್ತುತ್ತದೆ. ಕೊರತೆಯನ್ನು ದೇಹವು ತನ್ನ ಸ್ನಾಯುಗಳನ್ನು ಕರಗಿಸಿ ತುಂಬಿಕೊಳ್ಳುತ್ತದೆ. ಉಸಿರೆಳೆಯುವ ಸ್ನಾಯುಗಳೂ ಇದರಿಂದ ತಪ್ಪಿಸಿಕೊಳ್ಳಲಾರವು.

ರೋಗ ಮಿತಿಮೀರಿದಾಗ, ಆಯ್ದ ಕೆಲವರಿಗೆ ಶಸ್ತ್ರಕ್ರಿಯೆಯುಂಟು. ಹೆಚ್ಚು ಕೆಟ್ಟ ಭಾಗವನ್ನು, ಸಾಮಾನ್ಯವಾಗಿ ಪ್ರತಿ ಶ್ವಾಸಕೋಶದ ಕಾಲುಭಾಗದಷ್ಟನ್ನು, ಕತ್ತರಿಸಿ ತೆಗೆಯುತ್ತಾರೆ. ಕೊರತೆಯಿರುವ ಅಂಗವನ್ನೇ ಇನ್ನೂ ಕಡಿಮೆ ಮಾಡುವುದು ವಿಚಿತ್ರವೆನಿಸೀತು. ಆದರೆ ಸ್ಥಳ ಬಿಡುವಾದರೆ ಉಳಿದ ಭಾಗ ಚೆನ್ನಾಗಿ ಆಡುತ್ತದೆ. ವಪೆ ಮತ್ತೆ ಗುಮ್ಮಟವಾಗುತ್ತದೆ. 1950ರ ದಶಕದಲ್ಲಿ ಅಮೆರಿಕದ ಓಟೋ ಬ್ರಾಂಟಿಗನ್ ಇದನ್ನು ಮಾಡಿ ನೋಡಿದರು. ಸಾವುಗಳು ಹೆಚ್ಚಾದುದರಿಂದ ಅದು ಹಿಂದೆ ಸರಿಯಿತು. 1990ರ ದಶಕದಲ್ಲಿ ಜೋಯೆಲ್ ಕೂಪರ್ ಅದನ್ನು ಮತ್ತೆ ಎತ್ತಿಕೊಂಡರು. 1,218 ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲ 2003ರಲ್ಲಿ ಪ್ರಕಟವಾಯಿತು. ಶಸ್ತ್ರಕ್ರಿಯೆಯಾದವರಲ್ಲಿ ಮೊದಲ 90 ದಿನಗಳಲ್ಲಿ ಶೇಕಡ 7.9 ಮಂದಿ ತೀರಿಕೊಂಡರು. ಔಷಧೋಪಚಾರ ಮಾತ್ರ ಪಡೆದವರಲ್ಲಿ ಶೇಕಡ 1.3. ಮೇಲ್ಭಾಗದಲ್ಲಿ ರೋಗ ಹೆಚ್ಚಾಗಿದ್ದು ನಡೆದಾಡುವ ಶಕ್ತಿ ತೀರ ಕುಂದಿದವರಿಗೆ ಮಾತ್ರ ಬದುಕುಳಿಯುವುದರಲ್ಲಿ ಸ್ಪಷ್ಟ ಲಾಭ ಕಂಡಿತು.

ಇಂತಹ ಗಂಡಾಂತರದ ಎದುರಿಗೆ ರೋಗಿಯ ತೂಕವೂ ಲೆಕ್ಕಕ್ಕೆ ಬರುತ್ತದೆ. ಕೃಶರಾದವರು ಶಸ್ತ್ರಕ್ರಿಯೆಯ ಬಳಿಕ ಉಸಿರಾಟದ ಯಂತ್ರವನ್ನು ಬೇಗ ಬಿಡಲಾರರು, ಆಸ್ಪತ್ರೆಯಲ್ಲಿ ಹೆಚ್ಚು ದಿನ ಮಲಗುವರು ಎಂಬುದು 1990ರ ದಶಕದ ಕೊನೆಗೆ ಗಮನಕ್ಕೆ ಬಂದಿತು. ಆದ್ದರಿಂದ ಮುಂಚೆಯೇ ಹೊಗೆ ಬಿಡಿಸಿ, ವ್ಯಾಯಾಮ ಕಲಿಸಿ, ಆಹಾರ ಸರಿಪಡಿಸುತ್ತಾರೆ. ನಮ್ಮ ಸೀಮೆಯಲ್ಲಿ ಇದಕ್ಕೆ ದುಬಾರಿ ಪುಡಿಗಳೇ ಬೇಕೆಂದಿಲ್ಲ: ಹಾಲಿನಲ್ಲಿ ನೆನೆಸಿದ ರೊಟ್ಟಿ, ಬೇಳೆ ಹಾಕಿ ಮೆತ್ತಗೆ ಬೇಯಿಸಿದ ನುಚ್ಚು, ಶೇಂಗಾ ಹಿಂಡಿ, ಮೊಸರು, ತಿನ್ನುವವರಿಗೆ ಮೊಟ್ಟೆ, ಒಮ್ಮೆಗೆ ಸ್ವಲ್ಪ, ದಿನಕ್ಕೆ ಐದಾರು ಬಾರಿ. ಬರಿಯ ಊಟದಿಂದ ಮಾಂಸಖಂಡ ಬೆಳೆಯದು, ನಡಿಗೆಯೂ ಜೊತೆಗಿರಬೇಕು.

ಸ್ವಾರಸ್ಯದ ಸಂಗತಿ ಇನ್ನೊಂದಿದೆ. ಶಸ್ತ್ರಕ್ರಿಯೆ ಫಲಿಸಿದವರಲ್ಲಿ ಅನೇಕರ ತೂಕ ಮುಂದಿನ ತಿಂಗಳುಗಳಲ್ಲಿ ತಾನಾಗಿ ಏರಿತು. ಉಸಿರಾಟ ಹಗುರವಾಗಿ, ತಿಂದ ಅನ್ನ ಮೈಗೆ ಉಳಿಯತೊಡಗಿತ್ತು.