ನಾದಕ್ಕಾಗಿ ಕಟ್ಟಿದ ಮನೆ

ನಮ್ಮ ಅನೇಕ ಕುಟುಂಬಗಳ ಮಕ್ಕಳು ಇಂದು ಅಮೆರಿಕದಲ್ಲಿ ನೆಲೆಸಿದ್ದಾರೆ. ಅವರ ಮನೆಗೆಂದು ಬೋಸ್ಟನ್ ನಗರಕ್ಕೆ ಹೋಗುವ ತಂದೆತಾಯಿಯರು ಅಲ್ಲಿಯ ಸಿಂಫನಿ ಹಾಲ್‌ನಲ್ಲಿ ಒಂದು ಸಂಜೆಯನ್ನು ಕಳೆಯುವುದು ಉಚಿತ. ಪಾಶ್ಚಾತ್ಯ ಸಂಗೀತದ ಪರಿಚಯವಿಲ್ಲದಿದ್ದರೂ ಚಿಂತೆಯಿಲ್ಲ. ಆ ಸಭಾಂಗಣದ ಹಿನ್ನೆಲೆಯನ್ನು ತಿಳಿದು ಹೋದರೆ ಸಾಕು.

ಬೋಸ್ಟನ್ ಸಿಂಫನಿ ಆರ್ಕೆಸ್ಟ್ರಾವನ್ನು 1881ರಲ್ಲಿ ಸ್ಥಾಪಿಸಿದವರು ಹೆನ್ರಿ ಲೀ ಹಿಗಿನ್ಸನ್. ತಾರುಣ್ಯದಲ್ಲಿ ವಿಯೆನ್ನಾದಲ್ಲಿ ಸಂಗೀತಾಭ್ಯಾಸ ಮಾಡಿದ್ದ ಅವರು ಮುಂದೆ ಲೇವಾದೇವಿಯ ವೃತ್ತಿಯಲ್ಲಿ ಧನ ಗಳಿಸಿದರು. ಸಾಮಾನ್ಯರಿಗೂ ಉತ್ತಮ ಸಂಗೀತವು ಎಟುಕಬೇಕೆಂದು ಕಡಿಮೆ ದರದ ಟಿಕೆಟ್‌ಗಳನ್ನು ಇರಿಸಿ, ವರ್ಷವರ್ಷವೂ ಆದ ನಷ್ಟವನ್ನು ಸ್ವಂತ ಹಣದಿಂದ ಭರಿಸಿದರು.

ಹೊಸ ಸಭಾಂಗಣದ ಧ್ವನಿವಿನ್ಯಾಸಕ್ಕೆ ನೆರವಾದವರು ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರಜ್ಞ ವಾಲೆಸ್ ಸೇಬಿನ್. ಅವರಿಗೆ 1895ರಲ್ಲಿ ವಿಶ್ವವಿದ್ಯಾಲಯವು ಒಂದು ಕೆಲಸವನ್ನು ಒಪ್ಪಿಸಿತ್ತು. ಅಲ್ಲಿಯ ಒಂದು ಉಪನ್ಯಾಸ ಮಂದಿರದಲ್ಲಿ ಆಡಿದ ಮಾತು ಸುಮಾರು ಐದೂವರೆ ಸೆಕೆಂಡುಗಳ ಕಾಲ ಅನುರಣಿಸುತ್ತ, ಮುಂದಿನ ಮಾತಿನೊಡನೆ ಬೆರೆತು ಏನೂ ತಿಳಿಯದಂತಾಗುತ್ತಿತ್ತು. ಸೇಬಿನ್ ಅವರು ಸಮೀಪದ ರಂಗಮಂದಿರದ ಆಸನಗಳ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ ಹಾಸಿ, ಆರ್ಗನ್ ಕೊಳವೆಯನ್ನು ನುಡಿಸಿ, ನಾದವು ಅಡಗುವ ಕಾಲವನ್ನು ಗಡಿಯಾರ ಹಿಡಿದು ಅಳೆದರು. ಕೋಣೆ ದೊಡ್ಡದಾದಷ್ಟೂ ಅನುರಣನ ಹೆಚ್ಚು. ಮೆತ್ತೆ, ಬಟ್ಟೆ, ಮನುಷ್ಯರ ಶರೀರ ಹೆಚ್ಚಿದಷ್ಟೂ ಅದು ಕಡಿಮೆ. ಈ ನಿಯಮದ ಆಧಾರದಿಂದ ರೂಪುಗೊಂಡ ಸಿಂಫನಿ ಹಾಲ್ 1900ರ ಅಕ್ಟೋಬರ್ 15ರಂದು ಉದ್ಘಾಟನೆಗೊಂಡಿತು. ಉದ್ದನೆಯ ಪೆಟ್ಟಿಗೆಯಂತಿರುವ ಅದರಲ್ಲಿ 2,600ಕ್ಕೂ ಹೆಚ್ಚು ಆಸನಗಳಿವೆ.

ಕಛೇರಿಯ ಆರಂಭದಲ್ಲಿ ಓಬೋ ಎಂಬ ಸುಷಿರವಾದ್ಯವು ಒಂದು ಸ್ವರವನ್ನು ನೀಡುತ್ತದೆ. ಉಳಿದ ವಾದ್ಯಗಳೆಲ್ಲ ಅದಕ್ಕೆ ಶ್ರುತಿಗೂಡುತ್ತವೆ. ಬಳಿಕ ನಿರ್ದೇಶಕರು ವೇದಿಕೆಗೆ ಬರುತ್ತಾರೆ. ಸಿಂಫನಿಯೊಂದರಲ್ಲಿ ಸಾಮಾನ್ಯವಾಗಿ ನಾಲ್ಕು ಭಾಗಗಳಿರುತ್ತವೆ. ನಮ್ಮ ಕಛೇರಿಗಳಲ್ಲಿ ಗಾಯನದ ನಡುವೆಯೇ ತಲೆದೂಗಿ ‘ವಾಹ್’ ಎನ್ನುವುದು ಗಾಯಕರಿಗೆ ಹುರುಪು ನೀಡುತ್ತದೆ. ಅಲ್ಲಿಯ ಪದ್ಧತಿ ಬೇರೆ. ಒಂದು ಭಾಗ ಮುಗಿದರೂ ಕರತಾಡನ ಮಾಡದೆ, ಕೃತಿಯು ಪೂರ್ಣಗೊಳ್ಳುವವರೆಗೆ ಸಭೆಯು ಮೌನವಾಗಿರುತ್ತದೆ. ಪಿಟೀಲುಗಳ ಅತಿ ಮೆಲುದನಿಯೂ ಹಿಂದಿನ ಸಾಲಿಗೆ ತಲಪುವುದು ಈ ಮೌನದಿಂದಲೇ. ಆದುದರಿಂದ ಸಮಯಕ್ಕೆ ಮುಂಚಿತವಾಗಿ ಹೋಗುವುದು, ಫೋನನ್ನು ಆರಿಸುವುದು, ಎಲ್ಲರೂ ಚಪ್ಪಾಳೆ ತಟ್ಟಿದ ಮೇಲೆ ತಟ್ಟುವುದು ಲೇಸು.

ನಮ್ಮ ಊರುಗಳ ಸಮುದಾಯ ಭವನಗಳಲ್ಲಿ ಪ್ರವಚನವಾಗಲಿ ಸಂಗೀತವಾಗಲಿ ಸ್ಪಷ್ಟವಾಗಿ ಕೇಳಿಸದಿದ್ದಾಗ ಧ್ವನಿವರ್ಧಕವನ್ನು ಇನ್ನಷ್ಟು ಏರಿಸುತ್ತೇವೆ. ಬರಿಯ ಗೋಡೆ, ನುಣುಪಾದ ನೆಲಗಳ ನಡುವೆ ಅದರಿಂದ ಗದ್ದಲವೇ ಹೆಚ್ಚುತ್ತದೆ. ದಾನಿಗಳ ಹಣದಿಂದ ಭವನ ಕಟ್ಟಿಸುವ ಸಮಿತಿಗಳು ಅಮೃತಶಿಲೆಯ ಹೊಳಪಿನೊಂದಿಗೆ ಕೇಳುವವರ ಕಿವಿಯನ್ನೂ ನೆನೆಯಬೇಕು. ನಕ್ಷೆ ಬರೆಯುವಾಗಲೇ ಧ್ವನಿತಜ್ಞರೊಬ್ಬರ ಸಲಹೆ ಪಡೆಯಬೇಕು. ಹಿಗಿನ್ಸನ್ನರ ಔದಾರ್ಯ, ಸೇಬಿನ್ನರ ಪರಿಶ್ರಮ, ಸಭಿಕರ ಸಂಯಮ ಈ ಮೂರೂ ಕೂಡಿದಲ್ಲಿಯೇ ಸಂಗೀತವು ಸಾರ್ಥಕವಾಗಿ ಕೇಳಿಸುತ್ತದೆ.