ಉಯಿಲು: ಬರೆಯುವ ಕ್ರಮ, ಉಳಿಸುವ ಎಚ್ಚರ

ತನ್ನ ಕಾಲಾನಂತರ ತನ್ನ ಆಸ್ತಿ ಯಾರಿಗೆ, ಹೇಗೆ ಸೇರಬೇಕು ಎಂಬುದನ್ನು ವ್ಯಕ್ತಿಯೊಬ್ಬ ಬದುಕಿರುವಾಗಲೇ ಬರೆದಿಡುವ ಪತ್ರವೇ ಉಯಿಲು. ಮೃತ್ಯುಪತ್ರ, ಮರಣಶಾಸನ, ವಿಲ್ ಎಂಬ ಹೆಸರುಗಳೂ ಇದಕ್ಕಿವೆ. ಈ ಪತ್ರ ಜಾರಿಗೆ ಬರುವುದು ಬರೆದವರು ತೀರಿಕೊಂಡ ಮೇಲೆ. ಅದು ತಮ್ಮದೇ ಇಚ್ಛೆ ಎಂದು ಹೇಳಲು ಆಗ ಅವರು ಇರುವುದಿಲ್ಲ. ಆ ಮಾತನ್ನು ಪತ್ರವೂ ಸಾಕ್ಷಿಗಳೂ ಹೇಳಬೇಕಾಗುತ್ತದೆ. ಉಯಿಲಿನ ವಿಷಯದಲ್ಲಿ ಕಾನೂನು ಕೇಳುವ ಬಹುತೇಕ ಕ್ರಮಗಳ ಹಿಂದಿರುವ ಕಾರಣ ಇದೇ.

ಉಯಿಲು ಬರೆಯದೆ ತೀರಿಕೊಂಡ ಹಿಂದೂ ಪುರುಷನ ಸ್ವಂತ ಆಸ್ತಿ, 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದಂತೆ, ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತಾಯಿಗೆ ಸಮಪಾಲಾಗಿ ಹೋಗುತ್ತದೆ. ಕೊನೆಗಾಲದಲ್ಲಿ ಆರೈಕೆ ಮಾಡಿದ ಸೊಸೆಗೆ (ಆಕೆಯ ಗಂಡ ಬದುಕಿದ್ದರೆ), ದತ್ತಕ ವಿಧಿಯಿಲ್ಲದೆ ಸಾಕಿದ ಮಗುವಿಗೆ, ಆಸರೆಯಿಲ್ಲದ ತಂಗಿಗೆ ಅದರಲ್ಲಿ ಪಾಲಿಲ್ಲ. ಇಂಥವರಿಗೆ ಏನಾದರೂ ಸೇರಲೇಬೇಕೆಂದಿದ್ದರೆ ಉಯಿಲು ಬೇಕೇ ಬೇಕು.

ಯಾರಿಗೆ ಯಾವ ಕಾನೂನು

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಭಾಗದಲ್ಲಿ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ ಇದು. ಇಲ್ಲಿನ ಸಿದ್ದಿ ಸಮುದಾಯವೊಂದರಲ್ಲೇ ಹಿಂದೂ, ಮುಸ್ಲಿಂ, ಕ್ರೈಸ್ತ ಕುಟುಂಬಗಳಿವೆ. ಉಯಿಲಿನ ಕಾನೂನು ಧರ್ಮದಿಂದ ಧರ್ಮಕ್ಕೆ ಬದಲಾಗುತ್ತದೆ. ಹಿಂದೂ, ಜೈನ, ಬೌದ್ಧ, ಸಿಖ್ ಮತ್ತು ಕ್ರೈಸ್ತರ ಉಯಿಲುಗಳಿಗೆ 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮ ಅನ್ವಯಿಸುತ್ತದೆ. ಅದರೊಳಗೂ ವ್ಯತ್ಯಾಸಗಳಿವೆ. ಕ್ರೈಸ್ತರು ಉಯಿಲು ಬರೆದ ನಂತರ ಮದುವೆಯಾದರೆ ಹಳೆಯ ಉಯಿಲು ರದ್ದಾಗುತ್ತದೆ, ಹೊಸದಾಗಿ ಬರೆಯಬೇಕು. ಹಿಂದೂಗಳಿಗೆ ಈ ನಿಯಮವಿಲ್ಲ.

ಮುಸ್ಲಿಮರ ವಸಿಯತ್ ಅವರ ವೈಯಕ್ತಿಕ ಕಾನೂನಿನಂತೆ ನಡೆಯುತ್ತದೆ. ಅಂತ್ಯಕ್ರಿಯೆಯ ಖರ್ಚು ಮತ್ತು ಸಾಲ ಕಳೆದು ಉಳಿದ ಆಸ್ತಿಯ ಮೂರನೇ ಒಂದು ಭಾಗವನ್ನಷ್ಟೇ ವಾರಸುದಾರರ ಒಪ್ಪಿಗೆಯಿಲ್ಲದೆ ಬರೆದುಕೊಡಬಹುದು. ಸುನ್ನಿಗಳಲ್ಲಿ ವಾರಸುದಾರನಿಗೇ ವಸಿಯತ್ ಮಾಡಿದರೆ ಉಳಿದ ವಾರಸುದಾರರು ಒಪ್ಪಬೇಕು. ಬಾಯಿಮಾತಿನ ವಸಿಯತ್ತಿಗೂ ಮಾನ್ಯತೆಯಿದೆ, ಆದರೆ ಅದನ್ನು ಸಾಬೀತುಪಡಿಸುವುದು ಕಷ್ಟ; ಬರೆದಿಡುವುದೇ ಲೇಸು.

ಜೋಯಿಡಾ ಗೋವೆಗೆ ಹೊಂದಿಕೊಂಡ ತಾಲ್ಲೂಕು. ಗೋವೆಯ ಕಾಯಂ ನಿವಾಸಿಗಳು ಮಕ್ಕಳಿದ್ದರೆ ಆಸ್ತಿಯ ಅರ್ಧವನ್ನಷ್ಟೇ ತಮ್ಮಿಚ್ಛೆಯಂತೆ ಉಯಿಲು ಬರೆಯಬಲ್ಲರು. ಅಂಥವರ ಗೋವೆಯ ಹೊರಗಿನ ಆಸ್ತಿಗೂ ಅಲ್ಲಿನ ಕಾನೂನೇ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ತೀರ್ಪು ನೀಡಿದೆ. ಎರಡೂ ಕಡೆ ನೆಂಟಸ್ತಿಕೆ, ಆಸ್ತಿ ಇರುವ ಕುಟುಂಬಗಳು ಇದನ್ನು ಗಮನಿಸಬೇಕು.

ಯಾವುದನ್ನು ಬರೆಯಬಹುದು

ಸ್ವಯಾರ್ಜಿತ ಆಸ್ತಿಯನ್ನು ಹಿಂದೂಗಳೂ ಕ್ರೈಸ್ತರೂ ಪೂರ್ತಿಯಾಗಿ ಯಾರಿಗೆ ಬೇಕಾದರೂ ಬರೆಯಬಹುದು. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಾತ್ರ ತನ್ನ ಪಾಲಿನಷ್ಟಕ್ಕೇ ಅಧಿಕಾರ. ಅದರಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಾನ ಹಕ್ಕಿದೆ ಎಂಬುದನ್ನು 2005ರ ತಿದ್ದುಪಡಿಯೂ ಸುಪ್ರೀಂ ಕೋರ್ಟಿನ 2020ರ ತೀರ್ಪೂ ಸ್ಪಷ್ಟಪಡಿಸಿವೆ. ಇಡೀ ಪಿತ್ರಾರ್ಜಿತ ಜಮೀನನ್ನು ಗಂಡುಮಕ್ಕಳಿಗಷ್ಟೇ ಬರೆದ ಉಯಿಲು ಮಗಳ ಪಾಲನ್ನು ಕಸಿಯಲಾರದು.

2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕುಪತ್ರ ಸಿಕ್ಕ ಜಮೀನಿನ ಸಂಗತಿ ಬೇರೆ. ಆ ಹಕ್ಕು ವಂಶಪಾರಂಪರ್ಯವಾಗಿ ಮುಂದುವರಿಯುತ್ತದೆಯೇ ಹೊರತು ಅದನ್ನು ಪರಭಾರೆ ಮಾಡುವಂತಿಲ್ಲ. ವಿವಾಹಿತರಾಗಿದ್ದರೆ ಹಕ್ಕು ಗಂಡಹೆಂಡಿರಿಬ್ಬರ ಹೆಸರಿನಲ್ಲೂ ಇರುತ್ತದೆ. ಇಂಥ ಜಮೀನನ್ನು ಹೊರಗಿನವರ ಹೆಸರಿಗೆ ಉಯಿಲು ಬರೆಯುವುದರಿಂದ ಪ್ರಯೋಜನವಿಲ್ಲ.

ದಾಂಡೇಲಿಯ ಕಾಗದ ಕಾರ್ಖಾನೆಯ ನೌಕರರು ತಿಳಿಯಬೇಕಾದ ಅಂಶಗಳೂ ಇವೆ. ಬಂಗೂರನಗರದ ಕ್ವಾರ್ಟರ್ಸ್ ಕಂಪನಿಯದು, ಅದು ಉಯಿಲಿಗೆ ಸೇರದು. ಭವಿಷ್ಯನಿಧಿಗೆ ಅದರದೇ ನಿಯಮಗಳಿವೆ: ಕುಟುಂಬವಿರುವ ನೌಕರ ಕುಟುಂಬದವರನ್ನೇ ನಾಮಿನಿ ಮಾಡಬೇಕು. ಕುಟುಂಬ ಪಿಂಚಣಿಯೂ ನಿಯಮದಂತೆ ಹೋಗುತ್ತದೆ, ಉಯಿಲಿನಂತೆ ಅಲ್ಲ. ಬ್ಯಾಂಕ್ ಠೇವಣಿ, ಷೇರುಗಳಲ್ಲಿ ನಾಮಿನಿಯಾದವರು ಹಣವನ್ನು ಪಡೆದುಕೊಳ್ಳಬಹುದು, ಒಡೆಯರಾಗುವುದಿಲ್ಲ. ಅದು ಕೊನೆಗೆ ಉಯಿಲಿನಲ್ಲಿ ಹೆಸರಿಸಿದವರಿಗೆ ಅಥವಾ ವಾರಸುದಾರರಿಗೆ ಸೇರಬೇಕು. ಆದ್ದರಿಂದ ನಾಮಿನಿ ಮತ್ತು ಉಯಿಲು ಒಂದಕ್ಕೊಂದು ಹೊಂದುವಂತಿರಬೇಕು.

ಬರವಣಿಗೆ

ಹದಿನೆಂಟು ತುಂಬಿದ, ಸ್ವಸ್ಥ ಮನಸ್ಸಿನ ಯಾರು ಬೇಕಾದರೂ ಉಯಿಲು ಬರೆಯಬಹುದು. ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ಕೈಬರಹವಾದರೂ ಟೈಪಾದರೂ ಸರಿ. ಹೆಸರು, ವಯಸ್ಸು, ವಿಳಾಸ, ತಾರೀಖು, ಹಿಂದಿನ ಉಯಿಲುಗಳೆಲ್ಲ ರದ್ದು ಎಂಬ ಮಾತು, ಕುಟುಂಬದವರ ಪಟ್ಟಿ, ಬಳಿಕ ಆಸ್ತಿಯ ವಿವರ ಬರಬೇಕು. ಜಮೀನಾದರೆ ಪಹಣಿಯಲ್ಲಿರುವಂತೆ ಊರು, ಸರ್ವೆ ನಂಬರ್, ಹಿಸ್ಸಾ, ಎಕರೆ-ಗುಂಟೆ ಮತ್ತು ಚಕ್ಕುಬಂದಿ. ಮನೆಯಾದರೆ ನಗರಸಭೆ, ಪಟ್ಟಣ ಪಂಚಾಯಿತಿ ಅಥವಾ ಗ್ರಾಮ ಪಂಚಾಯಿತಿಯ ಆಸ್ತಿ ಸಂಖ್ಯೆ. ‘ಕೆರೆ ಪಕ್ಕದ ಗದ್ದೆ ದೊಡ್ಡವನಿಗೆ’ ಎಂಬಂಥ ಬರಹ ಮನೆಯವರಿಗೆ ಅರ್ಥವಾದರೂ ಕಂದಾಯ ಕಚೇರಿಯಲ್ಲಿ ನಡೆಯದು.

ಪಾಲು ಪಡೆಯಬೇಕಾದವರು ಮೊದಲೇ ತೀರಿಕೊಂಡರೆ ಅದು ಯಾರಿಗೆ, ಹೆಸರಿಸಲು ಮರೆತ ಅಥವಾ ಮುಂದೆ ಗಳಿಸುವ ಆಸ್ತಿ ಯಾರಿಗೆ, ಉಯಿಲನ್ನು ಜಾರಿಗೊಳಿಸುವ ನಿರ್ವಾಹಕರು ಯಾರು ಎಂಬುದನ್ನೂ ಬರೆಯಬೇಕು. ಮನೆ ಮಕ್ಕಳಿಗೆ ಹೋದರೂ ಹೆಂಡತಿ ಬದುಕಿರುವವರೆಗೆ ಅದರಲ್ಲೇ ಇರಬೇಕೆಂಬ ಇಚ್ಛೆಯಿದ್ದರೆ ಅದು ಸ್ಪಷ್ಟ ಮಾತಿನಲ್ಲಿರಲಿ. ಮಕ್ಕಳಲ್ಲೊಬ್ಬರಿಗೆ ಪಾಲು ಕೊಡದಿದ್ದರೆ ಕಾರಣವನ್ನು ಒಂದೆರಡು ವಾಕ್ಯಗಳಲ್ಲಿ ತಿಳಿಸಬೇಕು.

ಸಹಿ ಮತ್ತು ಸಾಕ್ಷಿ

ಉಯಿಲಿನ ಬಲವಿರುವುದು ಇಲ್ಲಿ. 1925ರ ಅಧಿನಿಯಮದ 63ನೇ ಕಲಮಿನಂತೆ ಬರೆದವರು ಸಹಿ ಅಥವಾ ಹೆಬ್ಬೆಟ್ಟು ಹಾಕಬೇಕು; ಕನಿಷ್ಠ ಇಬ್ಬರು ಸಾಕ್ಷಿಗಳು ಅದನ್ನು ಕಣ್ಣಾರೆ ಕಂಡು, ಇಲ್ಲವೇ ‘ಇದು ನನ್ನ ಸಹಿ’ ಎಂದು ಅವರ ಬಾಯಿಂದಲೇ ಕೇಳಿ, ಅವರೆದುರೇ ಸಹಿ ಹಾಕಬೇಕು. ಪತ್ರವನ್ನು ಮನೆಮನೆಗೆ ಕಳಿಸಿ ಸಾಕ್ಷಿ ಸಹಿ ಹಾಕಿಸಿದರೆ ಉಯಿಲು ಬಿದ್ದುಹೋಗುತ್ತದೆ. ಸಾಕ್ಷಿಗಳು ಬರೆದವರಿಗಿಂತ ಕಿರಿಯರೂ ಮುಂದೆ ಕರೆದರೆ ಸಿಗುವವರೂ ಆಗಿರಬೇಕು. ಪಾಲು ಪಡೆಯುವವರು ಸಾಕ್ಷಿಯಾಗಬಾರದು: ಕ್ರೈಸ್ತರಲ್ಲಿ ಹಾಗಾದರೆ ಆ ಪಾಲೇ ಅಸಿಂಧು, ಹಿಂದೂಗಳಲ್ಲಿ ಅನುಮಾನಕ್ಕೆ ದಾರಿ. ವೈದ್ಯರ ಪ್ರಮಾಣಪತ್ರ ಕಡ್ಡಾಯವಲ್ಲ, ಆದರೆ ವಯಸ್ಸಾದವರಿಗೆ ಅದು ದೊಡ್ಡ ರಕ್ಷೆ.

ಮನೆಮಾತು ಕೊಂಕಣಿ, ಮರಾಠಿ ಅಥವಾ ಉರ್ದು ಆಗಿರುವವರ ಉಯಿಲನ್ನು ಕನ್ನಡದಲ್ಲಿ ಬರೆದಿದ್ದರೆ, ಅವರಿಗೆ ತಿಳಿಯುವ ಭಾಷೆಯಲ್ಲಿ ಓದಿ ವಿವರಿಸಲಾಯಿತು, ಅವರು ಒಪ್ಪಿ ಸಹಿ ಮಾಡಿದರು ಎಂಬ ಷರಾ ಕೊನೆಯಲ್ಲಿರಬೇಕು. ಓದುಬರಹ ಬಾರದವರಿಗೂ ಹೀಗೆಯೇ.

ಅನುಮಾನದ ಪರೀಕ್ಷೆಯನ್ನು ವಿವರಿಸಿದ ಪ್ರಸಿದ್ಧ ತೀರ್ಪು ಮೈಸೂರು ಸೀಮೆಯದೇ. ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಜಮ್ಮ ನಡುವಿನ ಆ ಮೊಕದ್ದಮೆಯಲ್ಲಿ, ಉಯಿಲನ್ನು ಮುಂದಿಟ್ಟವರೇ ಅದನ್ನು ಬರೆಸುವುದರಲ್ಲಿ ಮುಖ್ಯ ಪಾತ್ರ ವಹಿಸಿದ್ದರು, ಅವರ ಗಂಡುಮಕ್ಕಳಿಗೆ ದೊಡ್ಡ ಲಾಭವೂ ಇತ್ತು. ಇಂಥ ಅನುಮಾನಗಳನ್ನು ಉಯಿಲಿನ ಪರ ನಿಂತವರೇ ನಿವಾರಿಸಬೇಕು ಎಂದ ಸುಪ್ರೀಂ ಕೋರ್ಟ್, 1958ರಲ್ಲಿ ಆ ಉಯಿಲು ಸಾಬೀತಾಗಿಲ್ಲವೆಂದು ತೀರ್ಮಾನಿಸಿತು. ಪಾಲು ಪಡೆಯುವವರು ಬರವಣಿಗೆಯ ಹೊತ್ತಿಗೆ ದೂರವಿರಬೇಕು ಎನ್ನುವುದು ಇದಕ್ಕಾಗಿ.

ನೋಂದಣಿ, ಬದಲಾವಣೆ, ಜಾರಿ

ಉಯಿಲಿನ ನೋಂದಣಿ ಐಚ್ಛಿಕ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದರೆ ಪತ್ರ ಕಳೆದರೂ ದಾಖಲೆ ಉಳಿಯುತ್ತದೆ. ಬರೆದವರು ಬದುಕಿರುವವರೆಗೆ ಅವರಿಗೆ ಅಥವಾ ಅವರ ಪ್ರತಿನಿಧಿಗೆ ಬಿಟ್ಟು ಬೇರೆಯವರಿಗೆ ನಕಲು ಕೊಡುವುದಿಲ್ಲ. ಲಕೋಟೆಯಲ್ಲಿ ಮೊಹರು ಮಾಡಿ ಜಿಲ್ಲಾ ನೋಂದಣಾಧಿಕಾರಿಗಳಲ್ಲಿ ಠೇವಣಿ ಇಡಲೂ 1908ರ ನೋಂದಣಿ ಕಾಯ್ದೆ ಅವಕಾಶ ಕೊಟ್ಟಿದೆ. ಆದರೆ ನೋಂದಣಿಯೊಂದೇ ಪುರಾವೆಯಾಗದು. ವ್ಯಾಜ್ಯವಾದರೆ ಬದುಕಿರುವ ಸಾಕ್ಷಿಗಳಲ್ಲಿ ಒಬ್ಬರಾದರೂ ನ್ಯಾಯಾಲಯದಲ್ಲಿ ಹೇಳಿಕೆ ಕೊಡಬೇಕು.

ಉಯಿಲನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು, ಸಹಿ-ಸಾಕ್ಷಿಗಳ ಕ್ರಮ ಪ್ರತಿ ಸಲವೂ ಅದೇ. ಕೊನೆಯದೇ ಊರ್ಜಿತ, ನೋಂದಣಿಯಾಗದ ಹೊಸ ಉಯಿಲು ನೋಂದಾಯಿತ ಹಳೆಯದನ್ನು ರದ್ದುಮಾಡಬಲ್ಲದು. ದಾನಪತ್ರ ಹಾಗಲ್ಲ: ನೋಂದಣಿಯಾಗಿ ಪೂರ್ಣಗೊಂಡ ಕೂಡಲೇ ಆಸ್ತಿ ಕೈಬಿಟ್ಟುಹೋಗುತ್ತದೆ. ಇಳಿವಯಸ್ಸಿನಲ್ಲಿ ಇರುವ ಒಂದೇ ಮನೆಯನ್ನು ದಾನಪತ್ರದಿಂದ ಕೊಟ್ಟು ಮಕ್ಕಳ ಮರ್ಜಿಗೆ ಬೀಳುವುದಕ್ಕಿಂತ, ಒಡೆತನವನ್ನು ತಮ್ಮಲ್ಲೇ ಇಟ್ಟುಕೊಂಡು ಉಯಿಲು ಬರೆಯುವುದು ಹಿರಿಯರಿಗೆ ಕ್ಷೇಮ.

ಮರಣಾನಂತರ, ಮೂಲ ಉಯಿಲು ಮತ್ತು ಮರಣ ಪ್ರಮಾಣಪತ್ರದೊಂದಿಗೆ ಜಮೀನಿಗಾದರೆ ಕಂದಾಯ ಇಲಾಖೆಯಲ್ಲಿ, ಮನೆಗಾದರೆ ಸ್ಥಳೀಯ ಸಂಸ್ಥೆಯಲ್ಲಿ ಖಾತೆ ಬದಲಾವಣೆಗೆ ಅರ್ಜಿ ಹಾಕಬೇಕು. ತಕರಾರು ಬಂದರೆ ಹಕ್ಕನ್ನು ತೀರ್ಮಾನಿಸುವುದು ಸಿವಿಲ್ ನ್ಯಾಯಾಲಯ. ಖಾತೆ ಬದಲಾದ ಮಾತ್ರಕ್ಕೆ ಒಡೆತನ ಸ್ಥಾಪಿತವಾಗುವುದಿಲ್ಲ. ಮೂಲ ಪತ್ರ ಎಲ್ಲಿದೆ ಎಂಬುದು ನಿರ್ವಾಹಕರಿಗಾದರೂ ಮೊದಲೇ ಗೊತ್ತಿದ್ದರೆ ಈ ಕೆಲಸ ತಡವಿಲ್ಲದೆ ಸಾಗುತ್ತದೆ.